ಮಿಸ್ಸು ಕೇಳಿದ ಪ್ರಶ್ನೆಗಳು

ಹೊಳೆನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ನಾನು ಹದಿನೈದು ವರ್ಷ ಕನ್ನಡ ಕಲಿಸಿದೆ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಸೇರುವುದಿಲ್ಲ ಎಂದು ಆ ತರಗತಿಗಳನ್ನು ಮುಚ್ಚಿದ ವರ್ಷ ನನ್ನನ್ನೂ ಮನೆಗೆ ಕಳಿಸಿದರು. ನನ್ನ ಗಂಡ ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನಾ ಓಡಾಡುವ ಕಷ್ಟವಾದರೂ ತಪ್ಪಲಿ ಎಂದು ಹಾಸನದ ರೈಲ್ವೆ ಗೇಟಿನ ಪಕ್ಕದ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಗೇಟಿನ ನಮ್ಮ ಕಡೆ ಶೀಟಿನ ಮನೆಗಳು, ಬೀದಿ ನಲ್ಲಿ, ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದಷ್ಟು ಕಿರಿದಾದ ದಾರಿ. ಆಚೆ ಕಡೆ ಹೊಸ ಬಡಾವಣೆ. ಅಲ್ಲಿ ಡಾಕ್ಟರುಗಳು, ಕಾಲೇಜು ಮೇಷ್ಟರುಗಳು, ತೋಟ ಇಟ್ಟುಕೊಂಡೂ ಪೇಟೆಯಲ್ಲಿ ಮನೆ ಕಟ್ಟಿಸಿದವರು.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಚಿಲ್ಲರೆ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಬೀದಿಯ ಕೊನೆಯ ಕಾಲೋನಿಯಲ್ಲಿ ಹುಟ್ಟಿ ಬೆಳೆದವಳು. ಗಾರೆ ಕೆಲಸಕ್ಕೆ ಹೋಗಿ ಹೋಗಿ ಬೆನ್ನು ಸೋತ ಮೇಲೆ ಈ ಅಂಗಡಿ ಹಾಕಿಕೊಂಡಿದ್ದಳು. ಮೊದಮೊದಲು ಅವಳ ಅಂಗಡಿಯಲ್ಲಿ ಕೊಳ್ಳುವುದಕ್ಕೆ ಮುಖ ತಿರುಗಿಸಿದವರೂ ಇದ್ದರಂತೆ. 'ಎಲ್ಡ್ ವರ್ಸ ಕಾದೆ ಮಿಸ್ಸೇ. ಮಳೆ ಬಂದ್ ದಿವ್ಸ ಬೇರೆ ಅಂಗ್ಡಿ ದೂರ ಅನ್ಸ್ತು, ಬಂದ್ರು' ಎಂದು ಒಮ್ಮೆ ನಗುತ್ತಾ ಹೇಳಿದ್ದಳು. ನಾನು ಪಾಠ ಮಾಡುತ್ತಿದ್ದವಳೆಂದು ತಿಳಿದ ದಿನದಿಂದ ಅವಳ ಬಾಯಲ್ಲಿ ನಾನು ಮಿಸ್ಸು.

ಗೇಟಿನಾಚೆಯ ಹೆಂಗಸರೂ ಅವಳಲ್ಲಿಗೆ ಬರುತ್ತಿದ್ದರು. ಅದಕ್ಕೆ ಕಾರಣ ಅವಳು ಕಟ್ಟಿಕೊಡುತ್ತಿದ್ದ ಹಬ್ಬದ ಗಂಟು. ವರಮಹಾಲಕ್ಷ್ಮಿಗೆ ಒಂದು ತರಹ, ಗೌರಿಗೆ ಒಂದು ತರಹ. ವೀಳ್ಯದೆಲೆ, ಅಡಿಕೆ, ಮಾವಿನ ಸೊಪ್ಪು, ಅರಿಶಿನದ ಕೊಂಬು, ಬಳೆ-ಬಿಚ್ಚೋಲೆ, ಗೆಜ್ಜೆವಸ್ತ್ರ, ಒಂದು ಅಚ್ಚು ಬೆಲ್ಲ. ಎಲ್ಲದರ ಮೇಲೆ ಒಂದು ಬೆಂಕಿಪೊಟ್ಟಣ. ಬೆಂಕಿಪೊಟ್ಟಣ ಯಾಕೆ ಎಂದು ಕೇಳಿದರೆ, 'ಎಲ್ಲಾನೂ ಜೋಡಿಸ್ಕಂಡು ಪೂಜೆಗ್ ಕುಂತ್ಮ್ಯಾಕೆ ಎಲ್ರೂ ಉಡುಕೋದು ಅದ್ನೇ ಕಣವ್ವ' ಎನ್ನುತ್ತಿದ್ದಳು.

ಕೆಲಸವಿಲ್ಲದೆ ಆರೇಳು ತಿಂಗಳು ಕಳೆದ ಮೇಲೆ ಒಂದು ದಿನ ನನ್ನ ಹಳೆಯ ವಿದ್ಯಾರ್ಥಿನಿಯ ಫೋನು ಬಂತು. ಅವಳು ಅರಕಲಗೂಡಿನ ಕಡೆಯ ಹಳ್ಳಿಯ ಹುಡುಗಿ. ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದುಕೊಂಡು ಓದಿದವಳು. ಭಾನುವಾರ ಹಾಸ್ಟೆಲಿನ ಊಟ ಸೇರದೆ ನಮ್ಮ ಮನೆಗೆ ಬರುತ್ತಿದ್ದಳು. ಮುದ್ದೆ, ಸೊಪ್ಪಿನ ಸಾರು ಬಡಿಸಿದರೆ ತಲೆ ಎತ್ತದೆ ಉಣ್ಣುತ್ತಿದ್ದಳು. ಉಂಡಾದ ಮೇಲೆ ಚರ್ಚಾಸ್ಪರ್ಧೆಗೆ ತಯಾರಿ. ಎದುರಿನವರ ಬಾಯಿಂದ ಉತ್ತರ ಬರಬೇಕಾದರೆ ಪ್ರಶ್ನೆಯಲ್ಲಿ ಪ್ರೀತಿ ಇರಬೇಕು ಎಂದು ನಾನೇ ಅವಳಿಗೆ ಹೇಳಿಕೊಟ್ಟದ್ದು. ಜಿಲ್ಲಾ ಮಟ್ಟದಲ್ಲಿ ಗೆದ್ದು ಬಂದು ಬಹುಮಾನದ ಲೋಟವನ್ನು ನನ್ನ ಕೈಗೇ ಕೊಟ್ಟಿದ್ದಳು. ನನಗೆ ಮಕ್ಕಳಿಲ್ಲ. ಅವಳ ಬಗ್ಗೆ ನನಗಿದ್ದ ಹೆಮ್ಮೆ ಎಂಥದ್ದೆಂದು ಇದಕ್ಕಿಂತ ಬಿಡಿಸಿ ಹೇಳಲಾರೆ.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಭೇಟಿಯಾದೆವು. ಈಗವಳು ಒಂದು ಕಂಪನಿಯಲ್ಲಿ ನಮ್ಮ ಜಿಲ್ಲೆಯ ಮ್ಯಾನೇಜರು. ಕಂಪನಿಯ ದೊಡ್ಡ ಆಫೀಸು ಹೊರದೇಶದಲ್ಲಿ. ಇಲ್ಲಿ ಇರುವುದು ಒಂದು ಮಹಡಿ, ಆರೇಳು ಜನ.

'ಮಿಸ್, ನಿಮಗೆ ಒಂದು ಕೆಲಸ ಇದೆ' ಎಂದಳು. 'ಮಾತಾಡೋ ಕೆಲಸ.'

'ಯಾರ ಹತ್ರ?'

'ಅಂಗಡಿಯವರ ಹತ್ರ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಸದ್ಯಕ್ಕೆ ಈ ನಾಲ್ಕು ಊರು. ಏನು ಮಾರ್ತಾರೆ, ಯಾರಿಗೆ ಮಾರ್ತಾರೆ, ಯಾವತ್ತು ಯಾವುದು ಖಾಲಿ ಆಗುತ್ತೆ, ಇಷ್ಟನ್ನ ಕೇಳಿ ಫೋನಿನಲ್ಲಿ ತುಂಬಬೇಕು.'

'ಅದರಿಂದ ಅಂಗಡಿಯವರಿಗೇನಮ್ಮ ಸಿಗುತ್ತೆ?'

'ಅಂಗಡಿನೇ ನಮ್ಮ ಗೋಡೌನು ಮಿಸ್. ಜನ ಫೋನಿನಲ್ಲಿ ಕೇಳ್ತಾರೆ, ಹತ್ತಿರದ ಅಂಗಡಿಯವರು ಸಾಮಾನು ತೆಗೆದುಕೊಡ್ತಾರೆ, ನಮ್ಮವರು ಬೈಕಲ್ಲಿ ತಲುಪಿಸ್ತಾರೆ. ಅವರ ವ್ಯಾಪಾರ ಜಾಸ್ತಿ ಆಗುತ್ತೆ. ದೊಡ್ಡವರು ಬಂದು ನುಂಗಿಹಾಕೋ ಮುಂಚೆ ಚಿಕ್ಕವರನ್ನ ನಾವೇ ಕೈ ಹಿಡಿಯೋಣ ಅಂತ.'

ಅವಳು ಆಡುವ ಮಾತು ಯಾವಾಗಲೂ ಹಾಗೆಯೇ, ಕೇಳಿದವರು ಮರುಮಾತಾಡದಂತೆ. ನಾನು ಅನುಮಾನಪಡಲಿಲ್ಲ. ಬದಲಿಗೆ ಸಂತೋಷಪಟ್ಟೆ. ಪಾಠ ಮಾಡುವುದನ್ನು ಬಿಟ್ಟರೆ ಇನ್ನೇನೂ ಬರದವಳಿಗೆ ಅವಳಾಗಿಯೇ ಹುಡುಕಿಕೊಂಡು ಬಂದು ಕೆಲಸ ಕೊಟ್ಟಿದ್ದಳು.

ಮಾರನೇ ವಾರದಿಂದ ಬಸ್ಸು ಹತ್ತಿದೆ. ಒಂದು ದಿನ ಅರಕಲಗೂಡು, ಒಂದು ದಿನ ಚನ್ನರಾಯಪಟ್ಟಣ. ಹೊಳೆನರಸೀಪುರದಲ್ಲಂತೂ ಹೆಜ್ಜೆಗೊಬ್ಬರು ಗುರುತಿನವರು. ಯಾರದೋ ಮಗ ನನ್ನ ಹತ್ತಿರ ವ್ಯಾಕರಣ ಕಲಿತವನು, ಯಾರದೋ ಸೊಸೆ ನನ್ನ ಕೈಯಲ್ಲಿ ಬೈಸಿಕೊಂಡವಳು. ಎಲ್ಲರೂ ಸ್ಟೂಲು ಎಳೆದು ಕೂರಿಸಿ, ಟೀ ತರಿಸಿ, ಕೇಳಿದ್ದಕ್ಕೆಲ್ಲ ಹೇಳಿದರು. ನನಗಿಂತ ಮೊದಲು ಇದೇ ಕೆಲಸಕ್ಕೆ ಬಂದಿದ್ದ ಇಬ್ಬರನ್ನು ಅವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರಂತೆ. ಅದನ್ನು ಕೇಳಿ ನನಗೆ ಒಳಗೊಳಗೇ ಹಿಗ್ಗು.

ಅಂಗಡಿ ನಡೆಸುವವರು ಎಷ್ಟೊಂದು ತಿಳಿದಿರುತ್ತಾರೆ ಎಂಬುದು ನನಗೂ ಹೊಸದೇ. ಅರಕಲಗೂಡಿನಲ್ಲಿ ಒಬ್ಬರು, ಹೊಗೆಸೊಪ್ಪು ಮಾರಾಟವಾದ ವಾರ ಜನ ಯಾವ ಬಿಸ್ಕತ್ತು ಕೇಳುತ್ತಾರೆ, ಉಳಿದ ದಿನ ಯಾವುದು ಎಂದು ವಿವರಿಸಿದರು. ಚನ್ನರಾಯಪಟ್ಟಣದ ಅಂಗಡಿಯವರೊಬ್ಬರು ಇದ್ದರು, ಅವರ ಮಗಳೂ ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಓದಿದವಳು. ಶ್ರವಣಬೆಳಗೊಳಕ್ಕೆ ಹೋಗುವ ಜೈನ ಯಾತ್ರಿಕರು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಯಾವ ತಿಂಗಳಲ್ಲಿ ಯಾವ ಕಡೆಯವರು ಬರುತ್ತಾರೆ, ಅವರು ದಾರಿಗೆ ಯಾವ ತಿಂಡಿ ಕಟ್ಟಿಸಿಕೊಳ್ಳುತ್ತಾರೆ ಎಂಬುದೆಲ್ಲ ಆ ಅಂಗಡಿಯವರ ತಲೆಯಲ್ಲಿತ್ತು. ಆ ತಿಂಡಿಯನ್ನು ತಾವು ಮಾಡಿಸುವುದು ಊರಿನ ಯಾವ ಮನೆಯವರಿಂದ ಎಂಬುದನ್ನೂ ದನಿ ತಗ್ಗಿಸಿ ಹೇಳಿದರು.

'ಇದ್ನ ಪಕ್ಕದ್ ಅಂಗ್ಡಿಯವ್ನಿಗೂ ಏಳಿಲ್ಲ ಮಿಸ್ಸೇ. ನನ್ ಮಗ್ಳಿಗೆ ಅಕ್ಸರ ಕಲ್ಸಿದ್ ಕೈ ನಿಮ್ದು. ಅದ್ಕೆ ಏಳ್ತಾ ಇವ್ನಿ.'

ನಾನು ಅದನ್ನೂ ಬರೆದುಕೊಂಡೆ. ಆ ಮನೆಯ ವಿಳಾಸವನ್ನೂ. ಉತ್ತರ ಕಳಿಸಿದ ತಕ್ಷಣ ಫೋನು 'ಧನ್ಯವಾದಗಳು, ನಿಮ್ಮ ಮಾಹಿತಿ ತಲುಪಿದೆ' ಎನ್ನುತ್ತಿತ್ತು. ಕನ್ನಡದಲ್ಲೇ ಹೇಳುತ್ತಿತ್ತು. ತಿದ್ದಿದ ಪುಟದ ಕೆಳಗೆ ನಾನು ಹಾಕುತ್ತಿದ್ದ 'ಉತ್ತಮ' ಎಂಬ ಷರಾದ ಹಾಗೆಯೇ ಅದು ನನಗೆ ಹಿತವಾಗಿತ್ತು.

ಕೊನೆಗೆ ಉಳಿದದ್ದು ನಮ್ಮ ಬೀದಿಯ ಅಕ್ಕ. ಅವಳೊಬ್ಬಳೇ ನನ್ನನ್ನು ತಿರುಗಿ ಕೇಳಿದವಳು.

'ನನ್ ಅಂಗ್ಡಿಲಿ ಉಪ್ಪು ಯಾವಾಗ ಕಾಲಿ ಆಯ್ತದೆ ಅಂತ ಫಾರಿನ್ನೋರ್ಗೆ ಯಾಕ್ ಬೇಕು ಮಿಸ್ಸೇ?'

ನಾನು ನನ್ನ ಶಿಷ್ಯೆ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅಂಗಡಿಯೇ ಗೋಡೌನು, ವ್ಯಾಪಾರ ಹೆಚ್ಚುತ್ತದೆ, ಬಡಾವಣೆಯವರು ಫೋನಿನಲ್ಲೇ ನಿನ್ನ ಗಂಟು ಕೇಳುತ್ತಾರೆ, ಬೈಕಿನವರು ಬಂದು ಒಯ್ಯುತ್ತಾರೆ.

'ಆಮ್ಯಾಕೆ ನನ್ನ ಬುಟ್ಬುಟ್ರೆ?'

'ಆ ಹುಡುಗಿ ನಮ್ಮ ಮನೆಯಲ್ಲಿ ಉಂಡು ಬೆಳೆದವಳು ಅಕ್ಕ. ಹಾಗೆಲ್ಲ ಮಾಡಲ್ಲ.'

ಅವಳು ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದಳು. 'ನೀವ್ ಏಳ್ತೀರಿ ಅಂತ' ಎಂದು ಶುರುಮಾಡಿದಳು. ಎರಡು ಮಧ್ಯಾಹ್ನ ಪೂರ್ತಿ ಹೇಳಿದಳು. ವೈದ್ಯಕೀಯ ಕಾಲೇಜಿನ ಹುಡುಗರಿಗೆ ಪರೀಕ್ಷೆ ಬಂದರೆ ಯಾವ ಸಾಮಾನು ಹೋಗುತ್ತದೆ, ಅಮಾವಾಸ್ಯೆಗೆ ಬೂದುಗುಂಬಳ ಎಷ್ಟು ತರಿಸಬೇಕು, ಯಾವ ಹಬ್ಬದ ಗಂಟಿನಲ್ಲಿ ಏನೇನು, ಯಾವ ಬೀದಿಯವರು ಎಷ್ಟು ದಿನ ಮುಂಚೆ ಹೇಳುತ್ತಾರೆ. ಇಪ್ಪತ್ತು ವರ್ಷ ಕೂತು ಕಲಿತದ್ದನ್ನು ಅವಳು ನನ್ನ ಬೆರಳಿನ ವೇಗಕ್ಕೆ ಸರಿಯಾಗಿ ನಿಧಾನವಾಗಿ ಹೇಳಿದಳು.

ಕೊನೆಯ ಪುಟದಲ್ಲಿ ಅಂಗಡಿಯ ಸುತ್ತಮುತ್ತಲಿನ ಬಗ್ಗೆ ಪ್ರಶ್ನೆಗಳಿದ್ದವು. ನಾಲ್ಕು ಚಕ್ರದ ಗಾಡಿ ಸಲೀಸಾಗಿ ಬರುತ್ತದೆಯೇ? ಇಲ್ಲ. ಮನೆಗಳ ಚಾವಣಿ? ಶೀಟು. ಜನ ಹೆಚ್ಚಾಗಿ ಕೊಳ್ಳುವುದು ದೊಡ್ಡ ಪೊಟ್ಟಣವೋ ಚಿಕ್ಕದೋ? ಚಿಕ್ಕದು. ನಾನು ಅಲ್ಲೇ ವಾಸ ಮಾಡುವವಳು, ಯೋಚಿಸಬೇಕಾದ್ದೇ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ತುಂಬಿದೆ.

ಕೆಲಸ ಮುಗಿಯಿತು. ಮಳೆಗಾಲ ಹಿಡಿಯಿತು. ಬೈಪಾಸಿನ ಕಡೆ ಒಂದು ಹಳೆಯ ಮಿಲ್ಲಿನ ಕಟ್ಟಡಕ್ಕೆ ಬಣ್ಣ ಬಳಿದು ಶಟರು ಹಾಕಿದರು. ಹೊರಗೆ ಬೋರ್ಡಿಲ್ಲ, ಒಳಗೆ ಕೊಳ್ಳುವವರಿಗೆ ಜಾಗವಿಲ್ಲ. ಮುಂದೆ ಬೈಕುಗಳು ಮಾತ್ರ. ಸಿಟಿ ಬಸ್ಸಿನಿಂದ ಅದನ್ನು ನೋಡಿದಾಗ ಯಾವುದೋ ಕೊರಿಯರಿನವರದ್ದಿರಬೇಕು ಎಂದುಕೊಂಡೆ. ಅಕ್ಕ ಆಗಾಗ ಕೇಳುತ್ತಿದ್ದಳು, 'ನಿಮ್ ಹುಡುಗಿ ಯಾವತ್ ಬತ್ತದೆ ಮಿಸ್ಸೇ? ಗಂಟಿಗೆ ಸಾಮಾನ್ ತರಿಸ್ಲಾ?' ನಾನು ಶಿಷ್ಯೆಗೆ ಫೋನು ಮಾಡಿದರೆ, 'ಅಂಗಡಿಗಳು ಎರಡನೇ ಹಂತದಲ್ಲಿ ಮಿಸ್, ಸ್ವಲ್ಪ ತಾಳಿ' ಎನ್ನುತ್ತಿದ್ದಳು. ನಾನು ಅದನ್ನೇ ಅಕ್ಕನಿಗೆ ಹೇಳುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬ ಬಂತು. ಅಕ್ಕ ಪ್ರತಿ ವರ್ಷಕ್ಕಿಂತ ಹೆಚ್ಚೇ ಗಂಟು ಕಟ್ಟಿ ಮುಂದಿನ ಹಲಗೆಯ ಮೇಲೆ ಜೋಡಿಸಿದ್ದಳು. ಆ ಮಧ್ಯಾಹ್ನ ನಾನು ಆಗಷ್ಟೇ ಒಪ್ಪಿಕೊಂಡಿದ್ದ ಮನೆಪಾಠಕ್ಕೆಂದು ಗೇಟಿನಾಚೆಯ ಮನೆಯೊಂದಕ್ಕೆ ಹೋಗಿದ್ದೆ. ಆ ಮನೆಯೊಡತಿ ಪ್ರತಿ ಸಲ ಅಕ್ಕನ ಹತ್ತಿರವೇ ಕೊಳ್ಳುತ್ತಿದ್ದವರು. ಅವರ ಊಟದ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ತೆರೆದಿತ್ತು. ಮೇಲೆ ನನ್ನ ಶಿಷ್ಯೆಯ ಕಂಪನಿಯ ಗುರುತು. ಒಳಗೆ ವೀಳ್ಯದೆಲೆ, ಅಡಿಕೆ, ಮಾವಿನ ಸೊಪ್ಪು, ಅರಿಶಿನದ ಕೊಂಬು, ಬಳೆ-ಬಿಚ್ಚೋಲೆ, ಗೆಜ್ಜೆವಸ್ತ್ರ, ಬೆಲ್ಲ. ಎಲ್ಲದರ ಮೇಲೆ ಒಂದು ಬೆಂಕಿಪೊಟ್ಟಣ.

'ನೋಡಿ, ಹತ್ತು ನಿಮಿಷದಲ್ಲಿ ಬಂತು. ಬೆಂಕಿಪೊಟ್ಟಣ ಕೂಡ ಹಾಕಿದ್ದಾರೆ! ಎಷ್ಟು ಯೋಚನೆ ಮಾಡಿ ಮಾಡಿದ್ದಾರಲ್ಲವಾ?' ಎಂದರು ಆಕೆ.

ನನಗೆ ಪಾಠ ಹೇಳುವುದಾಗಲಿಲ್ಲ. ತಲೆನೋವೆಂದು ಎದ್ದು ಬಂದೆ. ಬೀದಿಗೆ ಬರುವಾಗ ಅಕ್ಕನ ಹಲಗೆಯ ಕಡೆ ನೋಡದೆ ನಡೆದೆ. ಮನೆಯೊಳಗೆ ಬಂದು ನನ್ನ ಫೋನಿನಲ್ಲಿ ಆ ಕಂಪನಿಯ ಆ್ಯಪ್ ತೆರೆದು ಅದೇ ಪೆಟ್ಟಿಗೆ ಬೇಕೆಂದು ಒತ್ತಿದೆ. 'ಕ್ಷಮಿಸಿ, ನಿಮ್ಮ ಪ್ರದೇಶದಲ್ಲಿ ನಮ್ಮ ಸೇವೆ ಲಭ್ಯವಿಲ್ಲ' ಎಂದು ಬಂತು. ಇನ್ನೊಮ್ಮೆ ಒತ್ತಿದೆ, ಅದೇ. ಚಪ್ಪಲಿ ಮೆಟ್ಟಿಕೊಂಡು ಫೋನು ಹಿಡಿದೇ ಹೊರಟೆ. ನಲ್ಲಿಯ ಹತ್ತಿರ ಲಭ್ಯವಿಲ್ಲ. ಗೇಟಿನ ಈ ಬದಿ ಲಭ್ಯವಿಲ್ಲ. ಹಳಿ ದಾಟಿ ಬಡಾವಣೆಯ ಕಮಾನಿನ ಕೆಳಗೆ ನಿಂತೆ. 'ಹತ್ತು ನಿಮಿಷದಲ್ಲಿ ನಿಮ್ಮ ಬಾಗಿಲಿಗೆ' ಎಂದು ಬಂತು.

ಶೀಟು, ಕಿರಿದಾದ ದಾರಿ, ಚಿಕ್ಕ ಪೊಟ್ಟಣ. ಆ ಗೆರೆಯನ್ನು ಎಲ್ಲೋ ಕೂತವರು ಎಳೆದಿದ್ದರು. ಆದರೆ ಎಳೆಯುವುದಕ್ಕೆ ಸೀಮೆಸುಣ್ಣ ಕೊಟ್ಟವಳು ನಾನು.

ಮಾರನೆಯ ದಿನವೇ ಆಫೀಸಿಗೆ ಹೋದೆ. ನನ್ನ ಶಿಷ್ಯೆ ಎದ್ದು ನಿಂತು ಕುರ್ಚಿ ಕೊಟ್ಟಳು. ನಾನು ಕೂರಲಿಲ್ಲ.

'ಅಂಗಡಿನೇ ಗೋಡೌನು ಅಂದಿದ್ದೆ.'

'ಮೊದಲು ಹಾಗೇ ಇತ್ತು ಮಿಸ್. ಆಮೇಲೆ ಮೇಲಿನವರು ಲೆಕ್ಕ ಹಾಕಿದರು. ಇಷ್ಟು ಅಂಗಡಿಯವರನ್ನ ಹೊಂದಿಸೋದಕ್ಕಿಂತ ನಾವೇ ಬೈಪಾಸ್ ಹತ್ರ ಒಂದು ಕಡೆ ಸಾಮಾನು ಇಟ್ಕೊಳ್ಳೋದು ಸುಲಭ ಅಂತ.'

'ಆಮೇಲೆ ಅಂದ್ರೆ ಯಾವಾಗ? ನಾನು ಊರೂರು ಸುತ್ತೋದಕ್ಕೆ ಮುಂಚೆಯೋ, ಸುತ್ತಿ ಬಂದ ಮೇಲೋ?'

ಅವಳು ಟೇಬಲ್ ಮೇಲಿನ ಪರದೆಯನ್ನು ನೋಡುತ್ತಿದ್ದಳು. ಅದರಲ್ಲಿ ಹಾಸನದ ನಕ್ಷೆ. ಬಡಾವಣೆಗಳೆಲ್ಲ ಹಸಿರು, ನಮ್ಮ ಬೀದಿ ಬೂದಿ ಬಣ್ಣ.

'ನನ್ನ ಮುಖ ನೋಡಿ ಹೇಳಮ್ಮ.'

'ಗೊತ್ತಿತ್ತು ಮಿಸ್' ಎಂದಳು ಮೆಲ್ಲಗೆ. 'ನೀವು ಅರಕಲಗೂಡಿಗೆ ಹೋಗಿದ್ರಲ್ಲ, ಆ ವಾರವೇ ಗೊತ್ತಾಗಿತ್ತು.'

'ನನ್ನನ್ನೇ ಯಾಕೆ ಕರೆದೆ?'

'ನಮ್ಮವರು ಹೋದ್ರೆ ಅಂಗಡಿಯವರು ಬಾಯಿ ಬಿಡ್ತಾ ಇರಲಿಲ್ಲ. ನಿಮಗಾದ್ರೆ ಹೇಳ್ತಾರೆ ಅಂತ.' ಅವಳ ಕಣ್ಣಲ್ಲಿ ನೀರಿತ್ತು. 'ನನಗೂ ಟಾರ್ಗೆಟ್ ಇತ್ತು ಮಿಸ್. ನಾನು ಮಾಡದಿದ್ರೆ ಇನ್ನೊಬ್ಬರು ಮಾಡ್ತಿದ್ರು.'

ಮಕ್ಕಳ ಕಣ್ಣಲ್ಲಿ ನೀರು ಕಂಡರೆ ನಾನು ಕರಗುವವಳು. ಅಂದು ಕರಗಲಿಲ್ಲ. ನನಗೆ ಅವಳು ಕೆಲಸ ಕೊಟ್ಟಿರಲಿಲ್ಲ. ಹದಿನೈದು ವರ್ಷದಲ್ಲಿ ಜನ ನನ್ನ ಮೇಲೆ ಇಟ್ಟಿದ್ದ ನಂಬಿಕೆಯನ್ನು ನನ್ನ ಕೈಯಿಂದಲೇ ಕೊಯ್ಯಿಸಿಕೊಂಡಿದ್ದಳು. ಕೊಟ್ಟದ್ದನ್ನೆಲ್ಲ ಅಳಿಸಿಹಾಕು ಎಂದೆ. ಅಳಿಸಲು ತನ್ನಿಂದ ಆಗುವುದಿಲ್ಲ, ಅದು ಇಲ್ಲಿಲ್ಲವೇ ಇಲ್ಲ ಎಂದಳು. ಎಲ್ಲಿದೆ ಎಂದು ಕೇಳಿದೆ. ಅದು ಅವಳಿಗೂ ತಿಳಿದಿರಲಿಲ್ಲ.

ಅಕ್ಕನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಹೋದಾಗ ಅವಳು ಬಾಡಿದ ವೀಳ್ಯದೆಲೆಯನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

'ಗೊತ್ತಾಯ್ತು ಬುಡಿ. ಗೇಟ್ ಆಚೆ ಮನೆ ಕೆಲ್ಸುಕ್ಕೋಗೋಳು ಆ ಡಬ್ಬ ತಂದು ತೋರುಸುದ್ಲು.'

'ಅಕ್ಕ, ನನಗೆ ಗೊತ್ತಿರಲಿಲ್ಲ. ನಿನ್ನಾಣೆಗೂ ಗೊತ್ತಿರಲಿಲ್ಲ.'

'ನಿಮ್ಗ್ ಗೊತ್ತಿಲ್ಲ ಅಂತ ನಂಗೊತ್ತು. ಎಲ್ಡ್ ದಿನದಿಂದ ಯಾಕ್ ಬರ್ನಿಲ್ಲ, ಅದ್ ಏಳಿ.'

ನಾನು ಬುಟ್ಟಿಯಿಂದ ಹೊರಬಿದ್ದ ಎಲೆಯೊಂದನ್ನು ಎತ್ತಿ ಒಳಗೆ ಹಾಕಿದೆ.

'ಗಾರೆ ಕೆಲ್ಸುಕ್ಕೋದಾಗ ಮೇಸ್ತ್ರಿ ಮೋಸ ಮಾಡ್ತಾನೆ ಅಂತ ಗೊತ್ತೇ ಇರ್ತಿತ್ತು. ಉಸಾರಾಗ್ ನೋಡ್ಕಂಡ್ ಇರ್ತಿದ್ದೋ. ನಿಮ್ ತಾವ ಅಂಗೆ ನೋಡ್ಕಳ್ನಿಲ್ಲ ನಾನು' ಎಂದಳು. ದನಿ ಏರಿಸಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬುಟ್ಟಿ ಎತ್ತಿ ಒಳಗಿಟ್ಟು ಮತ್ತೆ ಹೇಳಿದಳು, 'ಇನ್ನೂ ಯಾರ್ಯಾರ್ ತಾವ ಕೇಳ್ಕಂಡ್ ಬಂದಿದ್ರಿ? ಓಗಿ ಅವ್ರಿಗಾರ ಏಳ್ಬುಡಿ. ಅವ್ರೂ ನನ್ನಂಗೆ ಗಂಟ್ ಕಟ್ಕಂಡ್ ಕುಂತಿರ್ತಾರೆ.'

ಹೊರಟೆ. ಈ ಸಲ ಫೋನು ಚೀಲದಲ್ಲೇ ಇತ್ತು. ಹೊಳೆನರಸೀಪುರದಲ್ಲಿ ಒಬ್ಬರು ಟೀ ತರಿಸುವುದಾಗಿ ಹೇಳಿದ್ದವರು ತರಿಸಲಿಲ್ಲ. ಅರಕಲಗೂಡಿನವರು ನಕ್ಕರು. 'ನಮ್ಮೂರ್ಗೆ ಬಸ್ಸೇ ಟೈಮ್ಗೆ ಬರಲ್ಲ, ಕಂಪ್ನಿಯೋನು ಅತ್ತ್ ನಿಮ್ಸುಕ್ಕೆ ಬತ್ತಾನಾ? ಓಗಿ ಮಿಸ್ಸೇ' ಎಂದರು. ಅವರ ನಗು ನನಗೆ ಸಮಾಧಾನ ತರಲಿಲ್ಲ.

ಚನ್ನರಾಯಪಟ್ಟಣದ ಅಂಗಡಿಯವರು ಮಾತ್ರ ನನ್ನ ಮಾತು ಮುಗಿಯುವವರೆಗೂ ಅಲುಗಾಡದೆ ಕೇಳಿದರು. ಅಂಗಡಿಯೊಳಗೆ ಇಬ್ಬರು ಗಿರಾಕಿಗಳಿದ್ದರು, ಅವರು ಹೋಗುವ ತನಕ ಕಾದರು.

'ಆ ತಿಂಡಿ ಮಾಡೋರ್ ಮನೆದೂ ಕೊಟ್ಬುಟ್ರಾ?'

'ಕೊಟ್ಟೆ.'

'ಅದ್ಕೇ ಇರ್ಬೇಕು. ಓದ್ ವಾರ ಆ ಮನೆಯೋರು ಇನ್ಮ್ಯಾಕೆ ನಿಮ್ಗೆ ಮಾಡ್ಕೊಡಕ್ಕಾಗಲ್ಲ, ಬೇರೆಯೋರ್ಗೆ ಒಪ್ಕಂಡಿದೀವಿ ಅಂದ್ರು. ನಾನು ಪಕ್ಕದ್ ಅಂಗ್ಡಿಯೋನ್ ಮೇಲೆ ಅನ್ಮಾನ ಪಟ್ಟು ಅವನ್ ಜೊತೆ ಮಾತ್ ಬುಟ್ಟಿದ್ದೆ.' ಅವರು ಎದ್ದು ಪಕ್ಕದ ಅಂಗಡಿಗೆ ಹೋದರು. ಅಲ್ಲೇನು ಮಾತಾಡಿದರೋ ಕೇಳಿಸಲಿಲ್ಲ. ತಿರುಗಿ ಬಂದು, ನನಗೆ ಕೂರಿ ಎಂದೂ ಹೇಳದೆ, ಹೋಗಿ ಎಂದೂ ಹೇಳದೆ, ಗೋಣಿ ಬಿಚ್ಚಿ ಬೇಳೆ ಸುರಿಯತೊಡಗಿದರು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಬಡಾವಣೆಯವರು ಬರುವುದು ನಿಂತ ಮೇಲೆ ಅಕ್ಕನ ಅಂಗಡಿ ದೀಪಾವಳಿಯವರೆಗೂ ನಡೆಯಿತು. ಸಾಮಾನು ಹಾಕುವ ವ್ಯಾನಿನವನು ವಾರಕ್ಕೆರಡು ಸಲ ಬರುತ್ತಿದ್ದವನು ಒಂದು ಸಲಕ್ಕೆ ಇಳಿದ, ಆಮೇಲೆ ಇಷ್ಟು ಚಿಕ್ಕ ಅಂಗಡಿಗೆ ಈ ಗಲ್ಲಿಯೊಳಗೆ ಬರಲಾರೆ ಎಂದ. ಅವಳೇ ಪೇಟೆಗೆ ಹೋಗಿ ಹೊತ್ತು ತಂದಳು. ಬೆನ್ನು ಕೇಳಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಈಗ ಅವಳು ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಾಳೆ.

ನಮ್ಮ ಬೀದಿಯವರು ಹಿಡಿ ಸಾಸಿವೆ ಬೇಕಾದರೂ ಗೇಟು ದಾಟಿ ಬಡಾವಣೆಯ ದೊಡ್ಡ ಅಂಗಡಿಗೆ ಹೋಗಬೇಕು. ಅಲ್ಲಿ ಚಿಕ್ಕ ಪೊಟ್ಟಣ ಇಡುವುದಿಲ್ಲ. ರೈಲು ಬರುವ ಹೊತ್ತಾದರೆ ಗೇಟಿನ ಹತ್ತಿರ ಮುದುಕಿಯರು ಚೀಲ ಹಿಡಿದು ನಿಂತಿರುತ್ತಾರೆ. ಅವರ ಮುಂದೆಯೇ ಬೈಕಿನ ಹುಡುಗರು ಆಚೆ ಬದಿಯಲ್ಲಿ ಸರ್ರನೆ ಹೋಗುತ್ತಾರೆ. ಆ ಹುಡುಗರಲ್ಲಿ ಮೂವರು ನಮ್ಮ ಬೀದಿಯವರೇ. ತಾವಿರುವ ಮನೆಗೆ ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ಅವರು ತಂದುಕೊಡಲಾರರು, ಅಲ್ಲಿಗೆ ದಾರಿಯೇ ಫೋನಿನಲ್ಲಿಲ್ಲ.

ನನ್ನ ಶಿಷ್ಯೆ ಬಡ್ತಿ ಸಿಕ್ಕಿ ಬೇರೆ ಜಿಲ್ಲೆಗೆ ಹೋದಳು. ಶಿಕ್ಷಕರ ದಿನಾಚರಣೆಗೆ ಪ್ರತಿ ವರ್ಷ ಹೂವಿನ ಚಿತ್ರ ಕಳಿಸುತ್ತಾಳೆ. ನಾನು ತೆರೆಯುತ್ತೇನೆ, ಉತ್ತರ ಬರೆಯುವುದಿಲ್ಲ. ಅವಳು ಕೆಟ್ಟವಳೆಂದು ಹೇಳಿಬಿಡಲು ಇಂದಿಗೂ ನನಗೆ ಬಾಯಿ ಬರುವುದಿಲ್ಲ. ಆದರೆ ಅವಳು ಎದುರಿಗೆ ಬಂದರೆ ಒಳಗೆ ಕರೆಯುವೆನೇ ಎಂದು ಕೇಳಿಕೊಂಡರೆ, ಅದಕ್ಕೂ ಬಾಯಿ ಬರುವುದಿಲ್ಲ.

ಕಳೆದ ತಿಂಗಳು ಸಿಟಿ ಬಸ್ಸಿನಲ್ಲಿ ಅಕ್ಕ ಸಿಕ್ಕಿದಳು. ಜನ ತುಂಬಿದ್ದರು. ಅವಳು ನನ್ನನ್ನು ಕಂಡು ತೊಡೆಯ ಮೇಲಿದ್ದ ಬುತ್ತಿಯ ಚೀಲವನ್ನು ಕಾಲಡಿಗೆ ಇಳಿಸಿ ಸರಿದು ಜಾಗ ಮಾಡಿಕೊಟ್ಟಳು. ಕೂತೆ. ಬೆನ್ನು ಹೇಗಿದೆ ಎಂದು ಕೇಳಿದೆ. 'ಅಂಗೇ ಅದೆ' ಎಂದಳು. ಇನ್ನೇನಾದರೂ ಕೇಳಬೇಕೆನಿಸಿತು, ಕ್ಯಾಂಟೀನಿನಲ್ಲಿ ಏನೇನು ಕೆಲಸ, ಎಷ್ಟು ಹೊತ್ತು ನಿಲ್ಲಬೇಕು, ಜೊತೆಯವರು ಹೇಗೆ ಎಂದು. ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಸ್ಪತ್ರೆಯ ಸ್ಟಾಪು ಬಂದಾಗ ನಾನು ಎದ್ದು ದಾರಿ ಬಿಟ್ಟೆ, ಅವಳು ಕಂಬಿ ಹಿಡಿದು ನಿಧಾನವಾಗಿ ಇಳಿದು ಹೋದಳು.